ಸಿಂಪ್ಯೂಟರ್: ಅಂಗೈಯಲ್ಲೊಂದು ಗಣಕಯಂತ್ರ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಕೂಡಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕಯಂತ್ರದ ಮಾದರಿಯನ್ನು ಹೊರತಂದರು. ಓದುಬರಹ ಬಾರದವರಿಗೂ ಗಣಕವು ದಕ್ಕಬೇಕೆಂಬುದು ಅವರ ಸಂಕಲ್ಪವಾಗಿದ್ದಿತು.

ಇಷ್ಟು ಚಿಕ್ಕ ಯಂತ್ರವು ನಡೆಯುವುದು ಹೇಗೆ? ಮೇಜಿನ ಮೇಲಣ ಗಣಕದ ಪ್ರೊಸೆಸರ್ ಹತ್ತಾರು ವ್ಯಾಟ್ ವಿದ್ಯುತ್ತನ್ನು ನುಂಗಿ, ಬಿಸಿಯೇರಿ, ಫ್ಯಾನಿನ ಗಾಳಿಯನ್ನು ಬೇಡುತ್ತದೆ. ಸಿಂಪ್ಯೂಟರಿನಲ್ಲಿದ್ದ ಇಂಟೆಲ್ ಕಂಪನಿಯ ‘ಸ್ಟ್ರಾಂಗ್‌ಆರ್ಮ್’ ಪ್ರೊಸೆಸರಾದರೋ ಸೆಕೆಂಡಿಗೆ ಸುಮಾರು 20 ಕೋಟಿ ಸಲ ಮಿಡಿಯುತ್ತಿದ್ದರೂ ಒಂದು ವ್ಯಾಟಿಗಿಂತ ಕಡಮೆ ವಿದ್ಯುತ್ತಿನಲ್ಲಿ ತೃಪ್ತವಾಗಿದ್ದಿತು. ಆದುದರಿಂದಲೇ ಬ್ಯಾಟರಿ ಸಾಕಾಯಿತು.

ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬಹುದಾಗಿತ್ತು; ಅವರವರ ವಿವರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಉಳಿಯುತ್ತಿತ್ತು. ಕನ್ನಡದ ಬರಹವನ್ನು ಅದು ಗಟ್ಟಿಯಾಗಿ ಓದಿ ಹೇಳಬಲ್ಲುದಾಗಿತ್ತು. ಕಾಗದ ಬಂದರೆ ಪರರಿಂದ ಓದಿಸಿಕೊಳ್ಳುವ ಮನೆಯಿಂದ ಬಂದ ನನಗೆ ಈ ಗುಣವೇ ಎಲ್ಲಕ್ಕಿಂತ ಹಿರಿದೆನಿಸುತ್ತದೆ.

2004ರಲ್ಲಿ ಬಿ.ಇ.ಎಲ್. ಕಾರ್ಖಾನೆಯು ಇದನ್ನು ‘ಅಮಿಡಾ’ ಎಂಬ ಹೆಸರಿನಿಂದ ತಯಾರಿಸಿತು. ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮೇಲಕ್ಕಿದ್ದ ಬೆಲೆ ಬಡವರಿಗೆ ಎಟುಕಲಿಲ್ಲ; ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಹಳ್ಳಿಗೂ ಹಬ್ಬಿತು.

ಇಂದಿನ ಫೋನುಗಳ ಒಳಗೂ ಆರ್ಮ್ ವಂಶದ ಪ್ರೊಸೆಸರುಗಳೇ ಇವೆ, ಅದಕ್ಕಿಂತ ಎಷ್ಟೋ ಪಾಲು ಬಲವಾದವು. ಶಕ್ತಿಯ ಕೊರತೆ ಈಗಿಲ್ಲ. ಅಕ್ಷರ ಬಾರದವರನ್ನು ಮೊದಲು ನೆನೆದು ಯಂತ್ರವನ್ನು ಕಟ್ಟುವ ಆ ಸಂಕಲ್ಪವನ್ನು ನಮ್ಮ ಪೀಳಿಗೆ ಮತ್ತೆ ಕೈಗೆತ್ತಿಕೊಳ್ಳಬೇಕೆಂದು ನನ್ನ ನಂಬಿಕೆ.