ದಿನ ಎಣಿಸುವ ಮೊದಲು

ಪ್ರಾಥಮಿಕ ಆರೋಗ್ಯ ಕೇಂದ್ರದ ಯುವ ವೈದ್ಯೆಗೆ,

ಗರ್ಭನಿರೋಧಕ ಮಾತ್ರೆ, ಕಾಪರ್-ಟಿ ಎರಡೂ ಬೇಡವೆನ್ನುವ ಮಹಿಳೆಯನ್ನು ಗದರಿಸಿ ಕಳಿಸಬೇಡಿ. ಆಕೆ ಮನೆಯಲ್ಲಿ ಹೇಗೂ ದಿನ ಎಣಿಸುತ್ತಾಳೆ. ಸರಿಯಾಗಿ ಎಣಿಸಲು ಕಲಿಸಿ.

ಮುಟ್ಟು 26ರಿಂದ 32 ದಿನಗಳೊಳಗೆ ಕ್ರಮವಾಗಿ ಬರುತ್ತಿದ್ದರೆ ‘ಸ್ಟ್ಯಾಂಡರ್ಡ್ ಡೇಸ್’ ವಿಧಾನ ಹೊಂದುತ್ತದೆ. ಮುಟ್ಟಾದ ದಿನವನ್ನು 1 ಎಂದು ಹಿಡಿದು, 8ರಿಂದ 19ನೇ ದಿನದವರೆಗೆ ದೈಹಿಕ ಸಂಪರ್ಕ ಬೇಡ, ಇಲ್ಲವೇ ಕಾಂಡೋಮ್ ಬೇಕು. ಕಾರಣವನ್ನೂ ಹೇಳಿ: ಅಂಡದ ಆಯಸ್ಸು ಒಂದು ದಿನವಾದರೂ ವೀರ್ಯಾಣು ಐದು ದಿನ ಕಾಯಬಲ್ಲದು. ಇದು ಅರ್ಥವಾದವಳು ಅಂದಾಜನ್ನು ನೆಚ್ಚುವುದಿಲ್ಲ.

ಅಂಕಿ ಮುಚ್ಚಿಡಬೇಡಿ. ಚಾಚೂ ತಪ್ಪದೆ ಪಾಲಿಸಿದರೂ ವರ್ಷಕ್ಕೆ 100ರಲ್ಲಿ ಸುಮಾರು 5, ಸಾಮಾನ್ಯ ಬಳಕೆಯಲ್ಲಿ ಸುಮಾರು 12 ಮಹಿಳೆಯರು ಗರ್ಭಿಣಿಯರಾಗುತ್ತಾರೆ. ಬಸಿರು ಜೀವಕ್ಕೇ ಅಪಾಯವಾಗುವ ಕಾಯಿಲೆಯಿದ್ದರೆ ಈ ದಾರಿ ಬೇಡ. ಹೆರಿಗೆಯ ನಂತರ ಮುಟ್ಟು ಸ್ಥಿರವಾಗದವರಿಗೂ ಸದ್ಯಕ್ಕೆ ಬೇಡ.

ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬುವ ಪ್ರಶ್ನೆ ಬೇರೆ: ‘ಆ ಹನ್ನೆರಡು ದಿನ ಬೇಡವೆಂದರೆ ಗಂಡ ಕೇಳುತ್ತಾನೆಯೇ?’ ಗಂಡ, ಅತ್ತೆ ಹೊರಗಿರುವಾಗ ಕೇಳಿ. ಆಕೆ ತಲೆ ತಗ್ಗಿಸಿದರೆ, ಮೂರು ತಿಂಗಳಿಗೊಮ್ಮೆ ಪಡೆಯುವ ‘ಅಂತರಾ’ ಚುಚ್ಚುಮದ್ದಿನಂಥ, ಅವಳ ಹಿಡಿತದಲ್ಲೇ ಇರುವ ವಿಧಾನಗಳನ್ನು ತಿಳಿಸಿ. ಗಂಡ ಒಪ್ಪುವವನಾದರೆ ಮುಂದಿನ ಸಲ ಅವನನ್ನೂ ಕರೆಸಿ, ಕ್ಯಾಲೆಂಡರಿನ ಮೇಲೆ ಅವನ ಕೈಯಿಂದಲೇ ಗುರುತು ಹಾಕಿಸಿ.