ಬೆಕ್ಕಿರುವ ಮನೆಗೆ ಕ್ರಿಸ್‌ಮಸ್ ಮರ: ಬೀಳಿಸಿದರೆ ಬೀಳಿಸಲಿ, ನುಂಗದಿರಲಿ

ಡಿಸೆಂಬರ್ ಬಂತೆಂದರೆ ಬೆಕ್ಕು ಸಾಕಿದವರು ಕೇಳುವುದು ಒಂದೇ ಪ್ರಶ್ನೆ: ‘ಮರ ಬೀಳಿಸದ ಹಾಗೆ ಏನು ಮಾಡೋದು?’ ಮರ ಬಿದ್ದರೆ ನಾಲ್ಕು ಗಾಜಿನ ಗುಂಡು ಒಡೆಯುತ್ತವೆ. ಗುಡಿಸಿ, ಎತ್ತಿ ನಿಲ್ಲಿಸಿದರೆ ಮುಗಿಯಿತು. ಬೆಕ್ಕಿನ ಹೊಟ್ಟೆ ಕೊಯ್ಯುವ ಪರಿಸ್ಥಿತಿ ಬರುವುದು ಸಾಮಾನ್ಯವಾಗಿ ಮರ ಬಿದ್ದದ್ದರಿಂದಲ್ಲ, ಆ ಮರದಲ್ಲಿ ನೇತಾಡುತ್ತಿದ್ದ ಹೊಳೆಯುವ ಎಳೆಯನ್ನು ಅದು ನುಂಗಿದ್ದರಿಂದ. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಮರ ನಿಲ್ಲಿಸುವ ಬಗೆಯನ್ನು ಬೇಗ ಹೇಳಿ ಮುಗಿಸಿ ಎಳೆಯ ವಿಷಯಕ್ಕೆ ಬರುತ್ತೇನೆ.

ಮರದ ಚರಿತ್ರೆ ಹೇಳುತ್ತ ಕೂರುವುದಿಲ್ಲ. ಜರ್ಮನ್ ನಾಡಿನ ಪದ್ಧತಿ ಅದು. ವಿಕ್ಟೋರಿಯಾ ರಾಣಿಯ ಸಂಸಾರ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ ಇಂಗ್ಲಿಷರ ಮನೆಮನೆಗೂ ಹಬ್ಬಿತು. ಮಂಗಳೂರಿನ ಹಳೆಯ ಮನೆಗಳಲ್ಲಿ ಇವತ್ತಿಗೂ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೇ ಮೊದಲ ಮರ್ಯಾದೆ, ಮರಕ್ಕೆ ಆಮೇಲೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಂತೂ ಕ್ರೈಸ್ತರಲ್ಲದವರೂ ಮಕ್ಕಳ ಆಸೆಗೆಂದು ಮರ ನಿಲ್ಲಿಸುತ್ತಾರೆ. ಬೆಕ್ಕೂ ಆ ಮಕ್ಕಳಲ್ಲಿ ಒಂದು.

ಯಾವ ಮರ, ಎಲ್ಲಿ?

ನಮ್ಮಲ್ಲಿ ಹೆಚ್ಚಿನವರದು ಪ್ಲಾಸ್ಟಿಕ್ ಮರ. ಕೆಲವರು ನರ್ಸರಿಯಿಂದ ಕುಂಡದಲ್ಲಿ ಬೆಳೆದ ಅರಕೇರಿಯಾ ತರುತ್ತಾರೆ. ನರ್ಸರಿಯವರು ‘ಕ್ರಿಸ್‌ಮಸ್ ಟ್ರೀ’ ಎಂದು ಮಾರುವುದು ಇದನ್ನೇ. ಹಿತ್ತಲಲ್ಲಿ ಗಾಳಿಮರ ಇದ್ದವರು ಅದರ ಕೊಂಬೆ ಕಡಿದು ಬಕೆಟ್ಟಿನಲ್ಲಿ ನಿಲ್ಲಿಸುವುದೂ ಉಂಟು. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರು ಕಡಿದ ನಿಜವಾದ ಫರ್ ಮರ ತರುತ್ತಾರೆ. ಅವರಿಗೆ ಒಂದೇ ಮಾತು: ಮರದ ಬುಡದ ನೀರಿಗೆ ಯಾವ ಪುಡಿಯನ್ನೂ ಬೆರೆಸಬೇಡಿ, ಸ್ಟ್ಯಾಂಡಿನ ಬಾಯಿ ಮುಚ್ಚಿಡಿ. ಬೆಕ್ಕು ತನ್ನ ಬಟ್ಟಲಿನ ನೀರು ಬಿಟ್ಟು ಆ ನೀರನ್ನೇ ಕುಡಿಯುತ್ತದೆ.

ಪ್ಲಾಸ್ಟಿಕ್ ಮರವಾದರೆ ಪೆಟ್ಟಿಗೆ ಬಿಚ್ಚಿದ ಕೂಡಲೇ ಮೂಸಿ ನೋಡಿ. ಹೋದ ವರ್ಷ ಕಟ್ಟಿಡುವಾಗ ನುಸಿಗುಳಿಗೆ ಹಾಕಿದ್ದರೆ ಒಂದೊಂದನ್ನೂ ಹುಡುಕಿ ತೆಗೆಯಿರಿ, ಮರವನ್ನು ಎರಡು ದಿನ ಬಿಸಿಲಿಗೆ, ಗಾಳಿಗೆ ಬಿಡಿ. ನ್ಯಾಫ್ತಲೀನ್ ಬೆಕ್ಕಿಗೆ ವಿಷ. ಬೆಕ್ಕು ಹತ್ತಿರ ಬಾರದಿರಲೆಂದು ಮರದ ಬುಡಕ್ಕೆ ಅದೇ ನುಸಿಗುಳಿಗೆ ಸುರಿಯುವವರೂ ಇದ್ದಾರೆ. ಬೆಕ್ಕೇನೋ ದೂರ ಹೋಗಬಹುದು, ಹೋಗದಿದ್ದರೆ? ಇನ್ನು ಕೆಲವರು ಕಿತ್ತಳೆ ಎಣ್ಣೆಯನ್ನೋ ನೀಲಗಿರಿ ಎಣ್ಣೆಯನ್ನೋ ಚಿಮುಕಿಸುತ್ತಾರೆ. ಇಂಥ ಸುಗಂಧ ತೈಲಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಮೈಗೆ ತಾಗಿದ್ದನ್ನೆಲ್ಲ ಅದು ನೆಕ್ಕಿಕೊಳ್ಳುವುದರಿಂದ ಎಲ್ಲವೂ ಹೊಟ್ಟೆಗೇ ಹೋಗುತ್ತದೆ. ಖಾರದ ಪುಡಿ ಉದುರಿಸುವವರ ಬಗ್ಗೆ ಹೇಳಲು ನನಗೆ ಮರ್ಯಾದೆಯ ಮಾತು ಸಿಗುವುದಿಲ್ಲ.

ಮರವನ್ನು ಮೂಲೆಯಲ್ಲಿ, ಸೋಫಾ, ಟೀಪಾಯಿ, ಕಿಟಕಿಯ ಕಟ್ಟೆಗಳಿಂದ ದೂರ ಇಡಿ. ಆರೋಗ್ಯವಾಗಿರುವ ಬೆಕ್ಕು ನಿಂತಲ್ಲಿಂದಲೇ ನಾಲ್ಕೈದು ಅಡಿ ಎತ್ತರಕ್ಕೆ ನೆಗೆಯುತ್ತದೆ, ನೀವಾಗಿ ಅದಕ್ಕೊಂದು ಮೆಟ್ಟಿಲು ಇಟ್ಟುಕೊಡಬೇಕಿಲ್ಲ. ಮರದ ಜೊತೆ ಬರುವ ಮೂರು ಕಾಲಿನ ಸ್ಟ್ಯಾಂಡನ್ನು ನಂಬಬೇಡಿ. ಖಾಲಿ ಪೇಂಟ್ ಬಕೆಟ್ಟಿನಲ್ಲಿ ಮರದ ಕಾಂಡ ನಿಲ್ಲಿಸಿ ಅರ್ಧಕ್ಕೂ ಮೇಲೆ ಜಲ್ಲಿ ತುಂಬಿ. ಮರಳು ಬೇಡ, ಜಲ್ಲಿಯೇ ಆಗಬೇಕು. ಮರಳೋ ಮಣ್ಣೋ ಕಂಡರೆ ಬೆಕ್ಕು ಅದನ್ನು ತನ್ನ ಕಕ್ಕಸು ಎಂದೇ ತಿಳಿಯುತ್ತದೆ. ಕುಂಡದ ಅರಕೇರಿಯಾಕ್ಕೂ ಇದೇ ಕಾಟ. ಮಣ್ಣಿನ ಮೇಲೆ ಒತ್ತೊತ್ತಾಗಿ ನುಣುಪು ಕಲ್ಲು ಜೋಡಿಸಿ, ಕೆರೆಯಲು ಜಾಗವಿಲ್ಲದಂತೆ. ಮರ ನಾಲ್ಕಡಿಗಿಂತ ಎತ್ತರವಿದ್ದರೆ ಕಾಂಡದ ಮೇಲ್ಭಾಗಕ್ಕೆ ಗಟ್ಟಿ ನೈಲಾನ್ ಹುರಿ ಕಟ್ಟಿ, ಎರಡು ದಿಕ್ಕಿನಿಂದ ಕಿಟಕಿಯ ಸರಳಿಗೆ ಬಿಗಿಯಿರಿ. ಹುರಿ ಸಡಿಲವಾಗಿ ಜೋತು ಬೀಳಬಾರದು, ತುದಿಯೂ ನೇತಾಡಬಾರದು.

ಆಮೇಲೆ ಎರಡು ಮೂರು ದಿನ ಮರವನ್ನು ಬೋಳಾಗಿಯೇ ಬಿಡಿ. ಬೆಕ್ಕು ಮೂಸುತ್ತದೆ, ಕೆನ್ನೆ ಉಜ್ಜುತ್ತದೆ, ಒಂದೆರಡು ಸಲ ಹತ್ತಿ ಇಳಿಯುತ್ತದೆ. ಹೊಸತನ ಹೋದ ಮೇಲೆ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟು ಬುಡದಲ್ಲಿ ಮಲಗಿ ಸುಮ್ಮನಾಗುತ್ತವೆ. ಆರೇಳು ತಿಂಗಳ ಮರಿ ಇದ್ದರೆ ಈ ವರ್ಷ ಎರಡಡಿಯ ಮರ ತಂದು ಶೋಕೇಸಿನ ಮೇಲಿಡಿ. ಅದಕ್ಕೆ ಬುದ್ಧಿ ಹೇಳುವ ಕಾಲ ಇನ್ನೂ ಬಂದಿಲ್ಲ.

ಸೀರಿಯಲ್ ಸೆಟ್ಟು

ಪ್ಲಗ್ಗೇ ಇಲ್ಲದ ಸೀರಿಯಲ್ ಸೆಟ್ಟಿನ ಎರಡು ಬರಿ ವೈರುಗಳನ್ನು ಸಾಕೆಟ್ಟಿಗೆ ತುರುಕಿ, ಜಾರದಿರಲೆಂದು ಬೆಂಕಿಕಡ್ಡಿ ಸಿಕ್ಕಿಸುವ ಜಾಣತನ ನಮ್ಮಲ್ಲಿ ಇನ್ನೂ ಇದೆ. ಬೆಕ್ಕಿದ್ದರೂ ಇಲ್ಲದಿದ್ದರೂ ಅದು ಸಲ್ಲದು. 230 ವೋಲ್ಟಿನಲ್ಲಿ ನೇರವಾಗಿ ಉರಿಯುವ ತೆಳು ವೈರಿನ ಸೆಟ್ಟಿಗಿಂತ ಅಡಾಪ್ಟರ್ ಇರುವ ಕಡಿಮೆ ವೋಲ್ಟಿನ ಎಲ್‌ಇಡಿ ಸರ ಕೊಳ್ಳಿ. ವೈರನ್ನು ಕೊಂಬೆಯ ತುದಿಯಲ್ಲಿ ತೋರಣದಂತೆ ಬಿಡದೆ ಕಾಂಡದ ಹತ್ತಿರವೇ ಸುತ್ತಿ. ಮರದಿಂದ ಸಾಕೆಟ್ಟಿನವರೆಗಿನ ವೈರನ್ನು ಪಿವಿಸಿ ಪೈಪಿನೊಳಗೆ ತೂರಿಸಿ. ಮಲಗುವಾಗ, ಮನೆಯಿಂದ ಹೊರಡುವಾಗ ಸ್ವಿಚ್ ಆರಿಸಿ ಪ್ಲಗ್ಗನ್ನೂ ಕೀಳಿ.

ಬೆಕ್ಕು ವೈರು ಕಚ್ಚಿ ಶಾಕ್ ಹೊಡೆಸಿಕೊಂಡರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಮುಟ್ಟಿ. ಎದ್ದು ಓಡಾಡುತ್ತಿದೆ, ಏನೂ ಆಗಿಲ್ಲ ಎಂದು ಬಿಡಬೇಡಿ. ಕೆಲವು ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಏದುಸಿರು ಶುರುವಾಗಬಹುದು. ಅಂದೇ ವೈದ್ಯರಿಗೆ ತೋರಿಸಿ.

ಜರಿಮಾಲೆ ಬೇಡವೇ ಬೇಡ

ಥಳಥಳಿಸುವ ಜರಿಮಾಲೆ, ಟಿನ್ಸೆಲ್ ಅನ್ನುತ್ತಾರಲ್ಲ, ಅದು ಬೆಕ್ಕಿರುವ ಮನೆಯೊಳಗೆ ಬರಲೇಕೂಡದು. ಎತ್ತರಕ್ಕೆ ಕಟ್ಟುತ್ತೇನೆ, ಒಂದೇ ಒಂದು ಹಾಕುತ್ತೇನೆ, ನಮ್ಮ ಬೆಕ್ಕು ಒಳ್ಳೆಯದು ಎಂಬ ಸಮಜಾಯಿಷಿಗಳೆಲ್ಲ ಕೇಳಿ ಆಗಿದೆ. ಅದರ ಎಳೆ ತಾನಾಗಿಯೇ ಉದುರುತ್ತದೆ, ಫ್ಯಾನಿನ ಗಾಳಿಗೆ ನೆಲದ ಮೇಲೆ ಹರಿದಾಡುತ್ತದೆ. ಬೆಕ್ಕು ಎಷ್ಟೇ ಒಳ್ಳೆಯದಾದರೂ ಹರಿದಾಡುವುದನ್ನು ಹಿಡಿಯದೆ ಬಿಡುವುದಿಲ್ಲ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಸೀಸದ ಟಿನ್ಸೆಲ್ ಮಾರುತ್ತಿದ್ದರು. ಈಗಿನದು ಪ್ಲಾಸ್ಟಿಕ್ಕಿನದು, ವಿಷವಿಲ್ಲ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ. ತೊಂದರೆ ವಿಷದ್ದಲ್ಲ, ಉದ್ದದ್ದು.

ಬೆಕ್ಕಿನ ನಾಲಗೆ ನಿಮ್ಮ ಕೈ ನೆಕ್ಕಿದಾಗ ಉಪ್ಪುಕಾಗದ ಉಜ್ಜಿದ ಹಾಗಾಗುವುದು ಅದರ ಮೇಲೆ ಗಂಟಲಿನ ಕಡೆಗೆ ಬಾಗಿದ ಮುಳ್ಳುಗಳಿರುವುದರಿಂದ. ಎಳೆಯೊಂದು ಅದಕ್ಕೆ ಸಿಕ್ಕಿತೆಂದರೆ ಹೊರಗೆ ಉಗುಳುವುದು ಕಷ್ಟ, ಒಳಗೆ ಒಳಗೆ ಹೋಗುತ್ತಲೇ ಇರುತ್ತದೆ. ಒಂದು ತುದಿ ಎಲ್ಲೋ ತೊಡರಿಕೊಳ್ಳುತ್ತದೆ: ನಾಲಗೆಯ ಬುಡಕ್ಕೆ ಸುತ್ತಿಕೊಳ್ಳಬಹುದು, ಜಠರದ ಬಾಯಲ್ಲಿ ಸಿಕ್ಕಿಕೊಳ್ಳಬಹುದು. ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಲಾಡಿ ಎಳೆದ ಪೈಜಾಮದ ಹಾಗೆ ಕರುಳೇ ಎಳೆಯ ಮೇಲೆ ನೆರಿಗೆ ನೆರಿಗೆಯಾಗಿ ಕೂಡಿಕೊಳ್ಳುತ್ತದೆ. ಬಿಗಿದ ಎಳೆ ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ತೂತಾದರೆ ಒಳಗಿನದೆಲ್ಲ ಹೊಟ್ಟೆಯೊಳಗೆ ಸೋರಿ ನಂಜಾಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ. ಇಲ್ಲಿ ಎರಡೂ ಬೆಕ್ಕಿನದೇ.

ಜರಿಮಾಲೆ ಒಂದೇ ಅಲ್ಲ. ಕೇಕಿನ ಡಬ್ಬಿಯ ರಿಬ್ಬನ್ನು, ಹಬ್ಬದ ತಿಂಡಿಗಳ ಕುಸ್ವಾರ್ ಪೊಟ್ಟಣದ ಬಂಗಾರದ ದಾರ, ಉಡುಗೊರೆಯ ಸುರುಳಿ ಪಟ್ಟಿ, ಮಲ್ಲಿಗೆ ಕಟ್ಟಿದ ನಾರು, ಕೋಳಿ ಸುಡುವಾಗ ಕಾಲು ಕಟ್ಟಿದ ಮಸಾಲೆ ಹತ್ತಿದ ದಾರ, ಎಲ್ಲವೂ ಇದೇ ಜಾತಿ. ಕೊನೆಯದಂತೂ ಬಾಯಿಗೆ ರುಚಿ ಬೇರೆ. ಹಬ್ಬದ ದಿನ ಕತ್ತರಿಸಿದ ದಾರಗಳೆಲ್ಲ ಮುಚ್ಚಳವಿರುವ ಕಸದ ಡಬ್ಬಿಗೆ, ಕತ್ತರಿಸಿದ ಕೂಡಲೇ ಹೋಗಬೇಕು. ಉಡುಗೊರೆಗಳನ್ನು ಮರದಡಿ ಜೋಡಿಸುವುದು 25ರ ಬೆಳಿಗ್ಗೆ ಆಗಲಿ, ವಾರದ ಮೊದಲೇ ಬೇಡ. ಹಿಮದ ಹಾಗೆ ಕಾಣಲೆಂದು ಮರದ ಮೇಲೆ ಹತ್ತಿ ಹಿಂಜಿ ಹಾಕುವ ಅಭ್ಯಾಸವನ್ನೂ ಬಿಟ್ಟುಬಿಡಿ.

ಬೆಕ್ಕು ಎಳೆ ನುಂಗಿದೆ ಎಂಬ ಅನುಮಾನ ಬಂದರೆ ಏನು ಮಾಡಬಾರದು ಎಂಬುದೇ ಮುಖ್ಯ. ಬಾಯಿಂದಾಗಲಿ ಗುದದಿಂದಾಗಲಿ ದಾರದ ತುದಿ ಇಣುಕುತ್ತಿದ್ದರೆ ಎಳೆಯಬೇಡಿ. ಕೈ ತಾನಾಗಿ ಹೋಗುತ್ತದೆ, ಗೊತ್ತು. ಆದರೂ ಎಳೆಯಬೇಡಿ. ಒಳಗೆ ಬಿಗಿದಿದ್ದರೆ ನೀವು ಎಳೆದ ಅದೇ ಎಳೆತಕ್ಕೆ ಕರುಳು ಕೊಯ್ದುಹೋಗುತ್ತದೆ. ಜಾರಿ ಹೋಗಲೆಂದು ಹರಳೆಣ್ಣೆ ಕುಡಿಸುವುದು, ಬಾಳೆಹಣ್ಣು ತಿನ್ನಿಸುವುದು, ವಾಂತಿಯಾಗಲೆಂದು ಉಪ್ಪುನೀರು ಹೊಯ್ಯುವುದು, ಇವೆಲ್ಲ ಹಿರಿಯರು ಹೇಳಿದರೂ ಬೇಡ. ನೋವಿರಬೇಕೆಂದು ಮನೆಯ ಪ್ಯಾರಸಿಟಮಾಲ್ ಅರ್ಧ ಮುರಿದು ಕೊಡುವವರಿದ್ದಾರೆ. ಮನುಷ್ಯರ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು, ಅರ್ಧವೂ ಕ್ಷೇಮವಲ್ಲ.

ನುಂಗಿದ ದಿನವೇ ಲಕ್ಷಣ ಕಾಣಬೇಕೆಂದಿಲ್ಲ. ಮರುದಿನವೋ ಅದರ ಮರುದಿನವೋ ವಾಂತಿ ಶುರುವಾಗುತ್ತದೆ, ಊಟ ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಮಂಚದ ಕೆಳಗೆ ಸೇರಿಕೊಂಡು ಕರೆದರೂ ಬರುವುದಿಲ್ಲ. ಹಬ್ಬದ ಗಲಾಟೆಗೆ ಹೆದರಿದೆ ಎಂದು ಮನೆಯವರು ಅಂದುಕೊಳ್ಳುವುದು ಇಲ್ಲಿಯೇ. ನೆಂಟರು ಬಂದಾಗ ಅಡಗಿದ ಬೆಕ್ಕು ಅವರು ಹೋದ ಮೇಲೆ ಹೊರಬಂದು ಊಟ ಮಾಡುತ್ತದೆ. ವಾಂತಿ ಮಾಡುತ್ತ ಊಟ ಬಿಟ್ಟದ್ದು ಹೆದರಿದ ಬೆಕ್ಕಲ್ಲ. ವೈದ್ಯರಲ್ಲಿ ‘ಹೊಟ್ಟೆ ಕೆಟ್ಟಿದೆ’ ಎನ್ನಬೇಡಿ, ‘ದಾರ ನುಂಗಿರಬಹುದು’ ಎಂದೇ ಹೇಳಿ, ನಾಲಗೆಯ ಅಡಿ ನೋಡಲು ಕೇಳಿ. ಅದೇ ದಾರದ ತುಂಡೊಂದನ್ನು ಜೊತೆಗೆ ಒಯ್ಯಿರಿ. ದಾರ, ಪ್ಲಾಸ್ಟಿಕ್ ಎಳೆ ಎಕ್ಸ್‌-ರೇಯಲ್ಲಿ ನೇರವಾಗಿ ಕಾಣದೇ ಹೋಗಬಹುದು. ಸ್ಕ್ಯಾನಿಂಗ್ ಬೇಕಾಗುತ್ತದೆ, ಬಹಳ ಸಲ ಆಪರೇಷನ್ನೂ.

ಜರಿ ಇಲ್ಲದೆ ಮರ ಬಣಗುಡುವುದಿಲ್ಲ. ಬಣ್ಣದ ಕಾಗದದ ಬಳೆಗಳನ್ನು ಕೊಂಡಿ ಕೊಂಡಿಯಾಗಿ ಅಂಟಿಸಿದ ಸರ, ರಟ್ಟಿನ ನಕ್ಷತ್ರ, ಮರದ ಗೊಂಬೆ, ಬಟ್ಟೆಯ ಗಂಟೆ ಸಾಕು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಒಡೆಯುವಂಥದ್ದು ಏನೂ ಇರದಿರಲಿ. ಗಾಜಿನ ಗುಂಡುಗಳೆಲ್ಲ ಮೇಲೆ, ಕಾಂಡದ ಹತ್ತಿರ. ತೆಳುವಾದ ತಂತಿಯ ಕೊಕ್ಕೆಗಳನ್ನು ಕಿತ್ತುಹಾಕಿ, ದಪ್ಪ ಸೆಣಬಿನ ಹುರಿಯಿಂದ ಕೊಂಬೆಗೇ ಬಿಗಿಯಾಗಿ ಗಂಟು ಹಾಕಿ, ತುದಿಯನ್ನು ಗಂಟಿನ ಬುಡಕ್ಕೇ ಕತ್ತರಿಸಿ.

ಗೋದಲಿ, ಹೂವು, ಊಟ

ಗೋದಲಿಯ ಬೈಹುಲ್ಲು ಕಂಡರೆ ಬೆಕ್ಕು ಮಲಗದೆ ಇರದು. ಮಲಗಲಿ. ಸಣ್ಣ ಮಣ್ಣಿನ ಕುರಿಗಳನ್ನು ಮಾತ್ರ ಕೆಳಗಿನಿಂದ ಡಬಲ್ ಟೇಪಿನಲ್ಲಿ ಅಂಟಿಸಿ. ಗೋದಲಿಯ ಹಸಿರಿಗೆಂದು ಮೊಳಕೆ ಬರಿಸುವ ಭತ್ತವನ್ನೋ ರಾಗಿಯನ್ನೋ ಬೆಕ್ಕು ಮೇಯುತ್ತದೆ. ಅದಕ್ಕೆಂದೇ ಬೇರೆ ತಟ್ಟೆಯಲ್ಲಿ ಒಂದು ಹಿಡಿ ಗೋಧಿ ಮೊಳಕೆ ಬರಿಸಿ ಇನ್ನೊಂದು ಮೂಲೆಯಲ್ಲಿಟ್ಟರೆ ಗೋದಲಿ ಉಳಿಯುತ್ತದೆ.

ಪಾಯಿನ್‌ಸೆಟಿಯಾ ಗಿಡ ಕಂಡರೆ ಜನ ವಿಷವೆಂದು ಹೌಹಾರುತ್ತಾರೆ. ಅದರ ಹಾಲು ಬಾಯಿ ಉರಿಸಬಹುದು, ಒಂದೆರಡು ವಾಂತಿ ಆಗಬಹುದು, ಅಷ್ಟೇ. ಹೆದರಬೇಕಾದ್ದು ಬೊಕೆಯಲ್ಲಿ ಬರುವ ಲಿಲ್ಲಿಗೆ. ಎಲೆ, ದಳ, ಮೈಗಂಟಿದ ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಒಂದರಿಂದ ಮೂರು ದಿನದೊಳಗೆ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಲಿಲ್ಲಿ ಇರುವ ಬೊಕೆ ಬಂದರೆ ಬಾಗಿಲಲ್ಲೇ ಪಕ್ಕದ ಮನೆಗೆ ದಾಟಿಸಿ, ಅವರಲ್ಲಿ ಬೆಕ್ಕಿಲ್ಲದಿದ್ದರೆ. ಬೆಕ್ಕು ನೆಕ್ಕಿದ್ದು ಕಂಡರೆ ಗಂಟೆ ಕಾಯದೆ ಹೊರಡಿ.

ಈರುಳ್ಳಿ ಬೆಳ್ಳುಳ್ಳಿ ಬಿದ್ದ ಹಂದಿ ಸಾರು, ಸೋರ್ಪೊತೆಲ್, ಬೆಂದ ಎಲುಬು, ಚಾಕಲೇಟು, ದ್ರಾಕ್ಷಿ ಹಾಕಿದ ಕೇಕು, ಯಾವುದೂ ಬೆಕ್ಕಿಗೆ ಬೇಡ.

ಕ್ಯಾರೋಲ್ ತಂಡ ಬಂದಾಗ ಬಾಗಿಲು ತೆರೆದೇ ಇರುತ್ತದೆ. ಹಾಡು ಶುರುವಾಗುವ ಮೊದಲೇ ಬೆಕ್ಕನ್ನು ಒಳಕೋಣೆಗೆ ಹಾಕಿ, ನೀರು, ಕಕ್ಕಸಿನ ಮಣ್ಣಿನ ತಟ್ಟೆ ಇಡಿ. 31ರ ರಾತ್ರಿ ಪಟಾಕಿಗೂ ಇದೇ ವ್ಯವಸ್ಥೆ. 25ರಂದು ನಿಮ್ಮ ವೈದ್ಯರ ಕ್ಲಿನಿಕ್ ತೆರೆದಿರುತ್ತದೆಯೇ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಈ ವಾರವೇ ಕೇಳಿ, ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಜನವರಿ 6ರ ಮೂವರು ಅರಸರ ಹಬ್ಬ ಕಳೆದು ಮರ ಬಿಚ್ಚಿದ ದಿನ ಸೋಫಾ ಸರಿಸಿ ಗುಡಿಸಿ. ಉದುರಿದ ಕೊಕ್ಕೆ, ಗಾಜಿನ ಚೂರು, ರಿಬ್ಬನ್ನಿನ ತುಂಡು ಸೇರಿಕೊಳ್ಳುವುದು ಅಲ್ಲಿಯೇ.