ಹಿರಿಯರ ಆರೈಕೆಗೆ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪು

ಆಸ್ಪತ್ರೆಯಿಂದ ಬಿಡುಗಡೆ ಹೊಂದಿ ಮನೆಗೆ ಹೋಗುವ ಹಿರಿಯರನ್ನು ಈಗ ಒಬ್ಬರೇ ನೋಡಿಕೊಳ್ಳುವುದು ಕಡಿಮೆ. ಬೆಳಿಗ್ಗೆ ಸೊಸೆ, ಮಧ್ಯಾಹ್ನ ನೆರೆಮನೆಯವರು, ಸಂಜೆ ಮಗಳು ಇರುತ್ತಾರೆ. ಖರ್ಚು ನೋಡುವ ಮಗ ದೂರದ ಊರಿನಲ್ಲಿ. ಎಲ್ಲರೂ ಅಕ್ಕರೆಯಿಂದಲೇ ಮಾಡುತ್ತಾರೆ. ಆದರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ಅಪಾಯ ತಪ್ಪಿದ್ದಲ್ಲ.

ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಮಾತ್ರೆಯನ್ನು ಸೊಸೆ ಕೊಟ್ಟಿರುತ್ತಾಳೆ. ಕೊಟ್ಟಿಲ್ಲವೆಂದು ತಿಳಿದು ಮಗಳು ಮತ್ತೆ ಕೊಟ್ಟರೆ ರಕ್ತದಲ್ಲಿನ ಸಕ್ಕರೆ ಅತಿಯಾಗಿ ಇಳಿಯಬಹುದು. ಆಗ ಬೆವರು, ಕೈನಡುಕ ಬರುವುದುಂಟು. ವಯಸ್ಸಾದವರಲ್ಲಿ ಅವೂ ಕಾಣದೆ ಬರೀ ಮಂಪರು, ಸಂಬಂಧವಿಲ್ಲದ ಮಾತು ಇರಬಹುದು. ಮನೆಯವರು "ಅಜ್ಜನಿಗೆ ಅರಳುಮರಳು" ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಿರಬೇಡಿ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಈ ಮಾತ್ರೆಯ ಪರಿಣಾಮ ಬಹಳ ಹೊತ್ತು ಇರುವುದರಿಂದ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು.

ಇಂಥ ತಪ್ಪನ್ನು ತಡೆಯಲು ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕು. ಆರೈಕೆ ಮಾಡುವವರಷ್ಟೇ ಇರುವ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಳ್ಳಿ. ಬಿಡುಗಡೆಯ ದಿನ ವಾರ್ಡಿನ ಸಿಸ್ಟರ್ ಹತ್ತಿರ ಮಾತ್ರೆಗಳ ಹೊತ್ತನ್ನು ಕೇಳಿ, ಚೀಟಿಯ ಫೋಟೊ ತೆಗೆದು ಗುಂಪಿನಲ್ಲಿ ಪಿನ್ ಮಾಡಿ. ಪಿನ್ 30 ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಮತ್ತೆ ಮಾಡಬೇಕಾಗುತ್ತದೆ. ವೈದ್ಯರು ಔಷಧ ಬದಲಿಸಿದರೆ ಹಳೆಯ ಫೋಟೊ ತೆಗೆದು ಹೊಸದನ್ನು ಹಾಕಿ.

ಮಾತ್ರೆ ನುಂಗಿಸಿದ ಮೇಲೆಯೇ "8 ಗಂಟೆ, ಸಕ್ಕರೆ ಮಾತ್ರೆ ಆಯಿತು" ಎಂದು ಬರೆಯಿರಿ. ಕೊಡಲು ಹೊರಟಾಗ ಅಲ್ಲ. ಬರೆಯಲು ಬಾರದವರು ಮಾತಿನಲ್ಲೇ ಕಳುಹಿಸಲಿ. ಮುಂದಿನವರು ಗುಂಪು ನೋಡದೆ ಮಾತ್ರೆಗೆ ಕೈ ಹಾಕಬಾರದು. ಅಲ್ಲಿ ಏನೂ ಇಲ್ಲದಿದ್ದರೆ ಫೋನ್ ಮಾಡಿ ಕೇಳಬೇಕು. ಹಾಸಿಗೆ ಹಿಡಿದವರಿದ್ದರೆ ಮಗ್ಗುಲು ಬದಲಿಸಿದ ಹೊತ್ತನ್ನೂ ಬರೆಯಿರಿ.

ದೂರದ ಮಗನಿಗೆ ಬರೀ ಸಲಹೆ ಕೊಡುವ ಕೆಲಸ ಬೇಡ (ಅದನ್ನು ಎಲ್ಲರೂ ಕೊಡುತ್ತಾರೆ). ಎಷ್ಟು ಮಾತ್ರೆ ಉಳಿದಿವೆ, ಮುಂದಿನ ತಪಾಸಣೆ ಯಾವಾಗ ಎಂಬ ಲೆಕ್ಕವನ್ನು ಅವನಿಗೆ ಒಪ್ಪಿಸಿ. ಶುಭೋದಯದ ಚಿತ್ರ, ಮನೆಮದ್ದಿನ ಸಂದೇಶಗಳಿಗೆ ಬೇರೆ ಗುಂಪಿರಲಿ. ಅವುಗಳ ನಡುವೆ ಮಾತ್ರೆಯ ಸುದ್ದಿ ಹೂತುಹೋಗುತ್ತದೆ.

ಗುಂಪು ಮಾಡುವ ಮುನ್ನ ಹಿರಿಯರನ್ನು ಒಂದು ಮಾತು ಕೇಳಿ. ಸ್ನಾನ ಮಾಡಿಸುವಾಗಿನ, ಮೂತ್ರದ ನಳಿಕೆಯ ಫೋಟೊ ಹಾಕಬೇಡಿ. ಅವರ ಬ್ಯಾಂಕಿನ ಪಿನ್, ಒಟಿಪಿ ಅಲ್ಲಿ ಬರೆಯಲೇಬಾರದು. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಬಲ ಕಳೆದುಕೊಂಡರೆ ಗುಂಪಿನಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ಮೊದಲು 108, ಆಮೇಲೆ ಗುಂಪು.